ಹೊಳೆಯ ನಡುವೆ ಮೌನವಾದ ಪಂಪು

ಗುಹೆಯ ನಕ್ಷೆ ಬರೆಯಲು ಹೋಗಿದ್ದ ಸರ್ವೇಯರ್ ಬಂಡೆಯಿಂದ ಜಾರಿ ಕಾಲು ಮುರಿದುಕೊಂಡಿದ್ದ. ಪಾದಕ್ಕೆ ರಕ್ತ ಸರಿಯಾಗಿ ಹರಿಯುತ್ತಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಆಸ್ಪತ್ರೆ ಸೇರಿಸದಿದ್ದರೆ ಕಾಲು ತೆಗೆಯಬೇಕಾದೀತೆಂದು ಡಾಕ್ಟರು ವೈರ್‌ಲೆಸ್‌ನಲ್ಲಿ ಹೇಳಿಬಿಟ್ಟಿದ್ದರು. ಅವನನ್ನು ತರಲು ಹೊರಟವರು ಮೂವರು: ಒಬ್ಬ ನರ್ಸಮ್ಮ, ವ್ಯಾನು ಓಡಿಸುವ ಭಾವ, ಅವನ ಹೆಂಡತಿಯ ತಂಗಿ. ಗಾಡಿಗಳ ವೈರಿಂಗ್ ಅವಳ ಕಸುಬು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ತಂತಿಯಕ್ಕ.

ಗುಹೆಯ ಬಾಯಿಂದ ಅವನನ್ನು ಸ್ಟ್ರೆಚರ್‌ನಲ್ಲಿ ಹೊತ್ತು ವ್ಯಾನಿಗೇರಿಸುವಾಗಲೇ ಮಧ್ಯಾಹ್ನ ಕಳೆದಿತ್ತು. ಇಳಿದಾರಿಯಲ್ಲಿ ಮರಗಳು ಒಂದರ ಮೈಮೇಲೊಂದು ಬಿದ್ದಂತೆ ಬೆಳೆದು ಬಿಸಿಲನ್ನು ನೆಲಕ್ಕೆ ಬಿಟ್ಟುಕೊಟ್ಟಿರಲಿಲ್ಲ. ಕಾಡು ಮುಗಿದಲ್ಲಿ ಹೊಳೆ. ಬೆಳಗ್ಗೆ ಪಾದ ಮುಳುಗದಷ್ಟಿದ್ದ ತಿಳಿನೀರು ಈಗ ಕೆಂಪಾಗಿ, ಒಣಗಿದೆಲೆ ಹೊತ್ತು ಬರುತ್ತಿತ್ತು. ಬೆಟ್ಟದ ನೆತ್ತಿಯ ಮೇಲೆ ಮೋಡ ಕವುಚಿ ಕೂತಿತ್ತು.

ನಡುಹೊಳೆಯಲ್ಲಿ ಚಕ್ರ ಬಂಡೆಯೊಂದನ್ನು ಹತ್ತಿ ಧೊಪ್ಪನೆ ಇಳಿಯಿತು. ಎಂಜಿನ್ ನಿಂತಿತು.

ಭಾವ ಕೀ ತಿರುಗಿಸಿದ. ಗರ್ ಗರ್ ಎಂದಿತು, ಸ್ಟಾರ್ಟ್ ಆಗಲಿಲ್ಲ.

"ಸುಮ್ನಿರಿ ಭಾವ, ಬ್ಯಾಟರಿ ತಿನ್ಬೇಡಿ. ಒಂದೇ ಸಲ ಕೀ ಆನ್ ಮಾಡಿ." ತಂತಿಯಕ್ಕ ಕಿವಿಗೊಟ್ಟಳು. ಕೀ ಹಾಕಿದೊಡನೆ ಪೆಟ್ರೋಲ್ ಟ್ಯಾಂಕಿನೊಳಗಿನ ಪಂಪು ಎರಡು ಕ್ಷಣ ಝುಯ್ ಎನ್ನಬೇಕು. ಎನ್ನಲಿಲ್ಲ.

ಫ್ಯೂಸ್ ಸರಿಯಿತ್ತು. ಪಂಪಿಗೆ ಕರೆಂಟು ಬಿಡುವ ರಿಲೇ ಕಿತ್ತು ಅದರ ಜಾಗಕ್ಕೆ ಹಾರ್ನಿನ ರಿಲೇ ಒತ್ತಿದಳು.

"ಹಾರ್ನ್ ಬೇಡ್ವಾ?"

"ಇಲ್ಲಿ ಯಾರಿಗೆ ದಾರಿ ಬಿಡು ಅಂತೀರಿ, ಮೀನಿಗಾ?"

ರಿಲೇ ಟಕ್ ಎಂದಿತು. ಪಂಪಿನದು ಮಾತ್ರ ಮೌನವ್ರತ.

ವ್ಯಾನಿನ ನೆಲದಲ್ಲಿದ್ದ ಪಂಪಿನ ಮುಚ್ಚಳದ ಮೇಲೆಯೇ ಸ್ಟ್ರೆಚರ್. ಅದನ್ನು ಅಲುಗಿಸಲು ನರ್ಸಮ್ಮ ಬಿಡಲಿಲ್ಲ. ಉಳಿದದ್ದು ಗಾಡಿಯ ಅಡಿ. ತಂತಿಯಕ್ಕ ಸೆರಗು ಸೊಂಟಕ್ಕೆ ಬಿಗಿದು ಕಲ್ಲುಗಳ ಮೇಲೆ ಅಂಗಾತ ಜಾರಿದಳು. ನೀರು ಬೆನ್ನು ಕೊರೆಯಿತು.

ಟ್ಯಾಂಕಿನ ಪಕ್ಕ ಪಂಪಿನ ತಂತಿಗಳ ಪ್ಲಗ್ ಬಿಚ್ಚಿದಳು. ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬರಿಕಬ್ಬಿಣಕ್ಕೆ ಸಿಕ್ಕಿಸಿ, ಇನ್ನೊಂದನ್ನು ಕೆಂಪು ತಂತಿಗೆ ಚುಚ್ಚಿದಳು. "ಕೀ!" ದೀಪ ಹತ್ತಿತು. ಕರೆಂಟು ಇಲ್ಲಿವರೆಗೆ ಬರುತ್ತಿದೆ. ಕಬ್ಬಿಣದಲ್ಲಿದ್ದ ತುದಿಯನ್ನು ತೆಗೆದು ಕಪ್ಪು ತಂತಿಗೆ ಹಿಡಿದಳು. "ಇನ್ನೊಂದ್ಸಲ!" ಕತ್ತಲು.

"ಭಾವಾ, ಅರ್ತ್ ಇಲ್ಲ!"

"ಅರ್ಥ ಇಲ್ಲ ಅಂತ ನಿಮ್ಮಕ್ಕ ದಿನಾ ಅಂತಾಳೆ. ಈಗ ಪಂಪಿನ ವಿಷಯ ಹೇಳು!"

"ಅರ್ಥ ಅಲ್ರೀ, ಅರ್ತ್! ಹೋದ ಕರೆಂಟಿಗೆ ವಾಪಸ್ ಬರೋ ದಾರಿಯೇ ಇಲ್ಲ!"

ಕಪ್ಪು ತಂತಿಯ ಜಾಡು ಹಿಡಿದು ಕೈಯಾಡಿಸಿದಳು. ಅದು ಗಾಡಿಯ ಕಬ್ಬಿಣದ ಚಾಸಿಯ ಬೋಲ್ಟಿಗೆ ಸೇರುವಲ್ಲಿ ಬೂದುಬಣ್ಣ ನುಣುಪಾಗಿ ಮಿರುಗುತ್ತಿತ್ತು.

"ಇಲ್ಲಿ ಬಣ್ಣ ಬಳಿದ ಪುಣ್ಯಾತ್ಮ ಯಾರು?"

ಭಾವ ಕಿಟಕಿಯಿಂದ ತಲೆ ಹೊರಹಾಕಿದ. "ತುಕ್ಕು ಹಿಡೀಬಾರ್ದು ಅಂತ... ತಂತಿ ಬಿಚ್ಚಿ ಎರಡು ಕೋಟು ಹೊಡೆದು ಮತ್ತೆ ಬಿಗಿದೆ. ಚೆಂದಾನೂ ಇತ್ತು."

"ಬಣ್ಣದ ಮೇಲೇ ಬಿಗಿದ್ರಾ!"

ಇಷ್ಟು ದಿನ ಬೋಲ್ಟಿನ ತಿರುಪಿನ ಸುತ್ತುಗಳಷ್ಟೇ ಹೇಗೋ ಕರೆಂಟು ದಾಟಿಸುತ್ತಿದ್ದವು. ಬಂಡೆಯ ಏಟಿಗೆ ಆ ಹಿಡಿತವೂ ಸಡಿಲಾಗಿತ್ತು.

ನೀರು ಕಿವಿ ಮುಟ್ಟಿತು. ಬೋಲ್ಟ್ ಬಿಚ್ಚುವಾಗ ವಾಷರ್ ಜಾರಿ ಹೊಳೆಯ ಪಾಲಾಯಿತು. ಅವಳು ಹುಡುಕಲಿಲ್ಲ. ಚಾಕುವಿನಿಂದ ಕೆರೆದಳು. ಬಣ್ಣ ಸಿಪ್ಪೆಸಿಪ್ಪೆಯಾಗಿ ಮುಖದ ಮೇಲೆ ಉದುರಿತು. ಕಬ್ಬಿಣ ಬೆಳ್ಳಗೆ ಕಂಡಿತು. ಬಿಗಿದಳು. ದೀಪ ಹಿಡಿದಳು. "ಕೀ!"

ಹತ್ತಿತು.

ಪ್ಲಗ್ ಒತ್ತಿ, ತೆವಳಿ ಹೊರಬಂದಳು. "ಈಗ!"

ಝುಯ್.

ಎಂಜಿನ್ ಕೆಮ್ಮಿ, ಸ್ಟಾರ್ಟ್ ಆಯಿತು. ಅವರು ದಡ ಹತ್ತಿ ತಿರುಗಿ ನೋಡಿದಾಗ ಆ ಬಂಡೆಯ ತಲೆ ಮಾತ್ರ ಕಾಣುತ್ತಿತ್ತು.

ಆಸ್ಪತ್ರೆ ಸೇರಿದಾಗ ಕಿಟಕಿಗಳಲ್ಲಿ ಇನ್ನೂ ಸಂಜೆಬೆಳಕಿತ್ತು. ಬಹಳ ಹೊತ್ತಿನ ಮೇಲೆ ನರ್ಸಮ್ಮ ಹೊರಬಂದಳು.

"ಕಾಲು ಉಳೀತು. ಬೆರಳು ಆಡಿಸ್ತಿದ್ದಾರೆ."

ಭಾವ ಬೆಂಚಿನ ಮೇಲೆ ಕುಸಿದು ಕೂತ. "ಆ ಬಣ್ಣದ ವಿಷಯ... ನಿಮ್ಮಕ್ಕನಿಗೆ ಹೇಳ್ತೀಯಾ?"

"ಕಾಲಿನ ವಿಷಯ ಹೇಳ್ತೀನಿ," ಎಂದಳು ತಂತಿಯಕ್ಕ, ಸೆರಗು ಹಿಂಡುತ್ತ.