ಗೇಣಿ ದಿನದ ಪಟ

"ಒಲೆಗೆ ಹಾಕು ಅಂದೆ! ಕಿವಿ ಕೇಳಾಕಿಲ್ವಾ?"

ಅತ್ತೆ ಶಿವರುದ್ರಮ್ಮನವರ ಕೂಗಿಗೆ ಗೌರಾಂಬ ಅಲುಗಲಿಲ್ಲ. ಅವಳ ಮಡಿಲಲ್ಲಿ ಗಾಜು ಹಾಕಿಸಿದ ಪಟವಿತ್ತು. ಪಟದಲ್ಲಿ ಜಗಲಿಯ ಮೇಲೆ ಕುಳಿತ ಮಾವ ಪುಟ್ಟಮಲ್ಲಪ್ಪನವರು. ಅಂಗಳದಲ್ಲಿ ಭತ್ತದ ರಾಶಿ, ಪಕ್ಕದಲ್ಲಿ ಕೈಕಟ್ಟಿ ನಿಂತ ಗೇಣಿದಾರ ಚಿಕ್ಕಮಾದ. ನಡುವೆ ಕೊಳಗ ಹಿಡಿದು ಗೇಣಿ ಅಳೆಯುತ್ತಿದ್ದವನು ಅವಳ ಗಂಡ ಶಿವನಂಜಪ್ಪ. ಅವನು ಜೀಪು ಮಗುಚಿ ಸತ್ತು ಎರಡು ವರ್ಷವಾಗಿತ್ತು. ಅವನದೆಂದು ಮನೆಯಲ್ಲಿ ಉಳಿದಿದ್ದ ಮುಖ ಇದೊಂದೇ.

ಅಂತರಸಂತೆಯ ಸುತ್ತಿನ ಮೂರು ಹಳ್ಳಿ ಈ ಮನೆಯ ಮಾತಿಗೆ ನಡುಗುತ್ತಿದ್ದ ಕಾಲವಿತ್ತು. ಮಾವನ ಅಜ್ಜ ಮಹಾರಾಜರ ಆನೆ ಹಿಡಿಯುವ ಖೆಡ್ಡಾಕ್ಕೆ ಆಳು ಒದಗಿಸಿ ಪಟೇಲಿಕೆ ಪಡೆದಿದ್ದ. ಅಪ್ಪ ಗದ್ದೆ ಕೂಡಿಸಿದ್ದ. ಅರವತ್ಮೂರನೇ ಇಸವಿಯಲ್ಲಿ ಸರ್ಕಾರ ಪಟೇಲಿಕೆ ಕಿತ್ತುಕೊಂಡಾಗ ಪುಟ್ಟಮಲ್ಲಪ್ಪನವರು, "ಪಟೇಲಿಕೆ ಹೋದರೇನು, ಗದ್ದೆ ಹೋಯಿತೇ?" ಎಂದು ಊರಿಗೆ ತೋರಿಸಲೆಂದೇ ಗೇಣಿಯ ದಿನ ಸರಗೂರಿನ ಫೋಟೋದವನನ್ನು ಕರೆಸಿದ್ದರು.

ಈಗ ಮಾವನೂ ಬದುಕಿರಲಿಲ್ಲ; ಉಳುವವನಿಗೇ ಹೊಲ ಎಂಬ ಕಾನೂನು ಬಂದಿತ್ತು. ಚಿಕ್ಕಮಾದ ಗೇಣಿದಾರನಲ್ಲ, ಬರೀ ಕೂಲಿಯಾಳು ಎಂದು ನಾಳೆ ಕೋಟೆಯ ತಾಲ್ಲೂಕು ಕಚೇರಿಯಲ್ಲಿ ಶಿವರುದ್ರಮ್ಮನವರು ಹೇಳಬೇಕಿತ್ತು. ಅವನ ಬಳಿ ರಸೀದಿಯಿರಲಿಲ್ಲ. ಇದ್ದ ಸಾಕ್ಷಿ ಈ ಪಟ.

"ನೀವೇ ಸುಟ್ಟುಬಿಡಿ, ಅತ್ತೆ."

ಶಿವರುದ್ರಮ್ಮನವರು ಕೈ ಚಾಚಿದರು... ಬೆರಳು ಮಗನ ಮುಖಕ್ಕೆ ತಾಗಿತು. ಕೈ ಹಿಂದೆ ಬಂತು.

"ನನ್ ಕೈಲಿ ಆಯ್ತದೇನೆ! ಹೆತ್ತೋಳು ಕಣೇ ನಾನು!"

ಅಂಗಳದಲ್ಲಿ ನಿಂತಿದ್ದ ಚಿಕ್ಕಮಾದನ ಹೆಂಡತಿ ಕೆಂಪಿ ಸೆರಗು ಬಾಯಿಗೊತ್ತಿಕೊಂಡಳು. "ಚಿಕ್ಕವ್ವಾರೇ, ಇಪ್ಪತ್ತು ವರ್ಸ ಗೇಯ್ದ ಗದ್ದೆ ಕಣ್ರವ್ವಾ... ನಿಮ್ ಯಜಮಾನ್ರೇ ಕೊಳಗ ಇಡ್ದು ಅಳೆದವ್ರೆ."

"ಅಲ್ಲೇ ನಿಂತು ಅಳು, ಗದ್ದೆಗೆ ನೀರಾದ್ರೂ ಆಯ್ತದೆ!" ಎಂದು ಶಿವರುದ್ರಮ್ಮನವರು ಸೊಸೆಯತ್ತ ತಿರುಗಿದರು. "ಕೊಟ್ಬುಟ್ರೆ ನಾಳೆ ಉಣ್ಣೋದೇನು? ಮೈಸೂರಲ್ಲಿ ಎಂ.ಎ. ಓದಿದ್ದು ಮನೆ ಮುಳುಗ್ಸಕ್ಕಾ? ಸತ್ತೋನ ಮುಖಾನೂ ಹೋಯ್ತದೆ ಕಣೇ!"

ಅದು ಗೌರಾಂಬಳಿಗೆ ಗೊತ್ತಿತ್ತು. ಸುಟ್ಟರೂ ಹೋಗುತ್ತದೆ, ಕೊಟ್ಟರೂ ಹೋಗುತ್ತದೆ. ಸರಗೂರಿನ ಸ್ಟುಡಿಯೋ ಎಂದೋ ಮುಚ್ಚಿತ್ತು; ಇನ್ನೊಂದು ಪ್ರತಿ ಸಿಗುವಂತಿರಲಿಲ್ಲ.

"ಅವರು ಅಳೆದದ್ದು ನಿಜ, ಅತ್ತೆ. ಅದನ್ನು ಸುಳ್ಳು ಮಾಡಿದರೆ ಅವರು ಇನ್ನೊಮ್ಮೆ ಸತ್ತ ಹಾಗೆ..."

ಗೌರಾಂಬ ಸೆರಗಿನಿಂದ ಗಾಜು ಒರೆಸಿದಳು. ಮೆಟ್ಟಿಲಿಳಿದು ಪಟವನ್ನು ಕೆಂಪಿಯ ಕೈಯಲ್ಲಿಟ್ಟಳು.

ಪಟ ಕಚೇರಿಯ ಕಡತ ಸೇರಿತು. ಗದ್ದೆ ಚಿಕ್ಕಮಾದನದಾಯಿತು. ಪಟೇಲರ ಮನೆಗೆ ಉಳಿದದ್ದು ಹಿತ್ತಲ ಹಿಂದಿನ ರಾಗಿ ಹೊಲ.

ನಾಲ್ಕು ತಿಂಗಳು ಅತ್ತೆ ಮಾತಾಡಲಿಲ್ಲ. ದಿನವೂ ಮಿಂದು ವಿಭೂತಿ ಧರಿಸಿ, ಪಟವಿದ್ದ ಮೊಳೆಗೆ ಒಂದು ಹೂ ಸಿಕ್ಕಿಸುತ್ತಿದ್ದರು. ಒಂದು ಬೆಳಿಗ್ಗೆ ಹೂ ಹಿಡಿದ ಕೈ ಗೋಡೆಯ ಬಳಿ ನಿಂತುಬಿಟ್ಟಿತು.

"ಗೌರಾ... ಅದ್ರಲ್ಲಿ ಅವ್ನು ನಗ್ತಾ ಇದ್ನಲ್ವಾ?"

ಅವನು ನಕ್ಕಿರಲಿಲ್ಲ. ಬಿಸಿಲಿಗೆ ಕಣ್ಣು ಕಿರಿದಾಗಿತ್ತು. ತುಟಿ ಕಚ್ಚಿ ಕೊಳಗ ಎಣಿಸುತ್ತಿದ್ದ.

"ಹೌದು, ಅತ್ತೆ," ಎಂದಳು ಗೌರಾಂಬ. "ನಗ್ತಾ ಇದ್ರು."