ತಿಪ್ಪವ್ವನ ಹೆಸರು

ಬಹಳ ಬಹಳ ಹಿಂದೆ, ಹುಲಿಗೂ ಕಲ್ಲಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಮುತ್ತಿನಕೋಟೆ ಎಂಬ ಒಂದು ಊರಿತ್ತು. ಅಲ್ಲಿನ ಜನಕ್ಕೆ ಚೆಂದದ ಹೆಸರಿನ ಹುಚ್ಚು. ಎಮ್ಮೆ ಕಾಯುವವನ ಮಗಳು ಚಂದ್ರಮುಖಿ, ಗಾಣದವನ ಮಗ ರತ್ನಶೇಖರ. ಅಂಥ ಊರಿನಲ್ಲಿ ಒಬ್ಬ ಹುಡುಗಿಯ ಹೆಸರು ಮಾತ್ರ ತಿಪ್ಪವ್ವ. ಓರಗೆಯವರು ಅವಳನ್ನು ಕಂಡರೆ ಮೂಗು ಮುಚ್ಚಿಕೊಂಡು ನಗುತ್ತಿದ್ದರು, ಆಟಕ್ಕೆ ಕರೆಯುತ್ತಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಹೆಳವ ಬರುತ್ತಿದ್ದ. ಮನೆಮನೆಯ ವಂಶ ಹೇಳುವುದು ಅವನ ಕಸುಬು. “ಕಲ್ಲವ್ವನ ಮಗ ಕಾಡಪ್ಪ, ಕಾಡಪ್ಪನ ಮೊಮ್ಮಗಳು ತಿಪ್ಪವ್ವ!” ಎಂದು ಅವನು ದನಿಯೆತ್ತಿ ಹಾಡಿದರೆ ಬೀದಿಗೆ ಬೀದಿಯೇ ನಗುತ್ತಿತ್ತು.

“ನನಗ್ಯಾಕವ್ವ ಇಂಥ ಹೆಸರಿಟ್ಟೆ?” ಎಂದು ಕೇಳಿದರೆ ತಾಯಿ ಹೊನ್ನವ್ವ ಒಲೆಯ ಕಡೆ ತಿರುಗಿಬಿಡುತ್ತಿದ್ದಳು. ಊರವರ ನಗುವಿಗಿಂತ ಆ ಮೌನವೇ ಹುಡುಗಿಗೆ ಹೆಚ್ಚು ನೋಯುತ್ತಿತ್ತು. ತಾನು ಹುಟ್ಟಿದ್ದೇ ಅವ್ವನಿಗೆ ಬೇಡವಾಗಿತ್ತೇನೋ ಎಂದುಕೊಳ್ಳುತ್ತಿದ್ದಳು.

ಒಂದು ದಿನ ನೀಲಜಟನೆಂಬ ಮಂತ್ರವಾದಿ ಜೋಗಿಯ ವೇಷದಲ್ಲಿ ಬಂದ. “ಹೆಸರು ಹೇಳಿ, ಹರಸುತ್ತೇನೆ” ಎಂದ. ಹೆಸರಿನ ಜಂಬದ ಜನ, ಕೇಳಬೇಕೆ? ಬಾಗಿಲು ತೆರೆದು ಓಡಿಬಂದರು. ಹೆಸರು ಹೇಳಿದವರ ಬಾಯಿಂದ ಹಕ್ಕಿಯೊಂದು ಹೊರಟು ಅವನ ಪಂಜರದಲ್ಲಿ ಕೂರುತ್ತಿತ್ತು. ಹೊನ್ನವ್ವನ ಬಾಯಿಂದ ಚಿನ್ನದ ಹಕ್ಕಿ ಬಂತು. ತಿಪ್ಪವ್ವನ ಬಾಯಿಂದ ಕಸದ ಬಣ್ಣದ್ದೊಂದು ಬಂದಾಗ ಅವನು “ಥೂ!” ಎಂದು ಓಡಿಸಿದ. ಅದು ಮರಳಿ ಅವಳ ಬಾಯೊಳಗೇ ಹೋಯಿತು. ಅವನು ಪಂಜರ ಹೊತ್ತುಕೊಂಡು ತನ್ನ ಕರಿಗುಡ್ಡದ ಕಡೆ ಹೊರಟುಹೋದ.

ಅಂದಿನಿಂದ ಊರು ಸುಮ್ಮನಾಯಿತು. ಜನ ಉಂಡರು, ಮಲಗಿದರು, ಯಾರೂ ಯಾರನ್ನೂ ಕರೆಯಲಿಲ್ಲ. ಪ್ರತಿ ಅಮಾವಾಸ್ಯೆಗೆ ಒಬ್ಬರು ಕಾಯಿಲೆ ಕಸಾಲೆ ಏನೂ ಇಲ್ಲದೆ ಕಣ್ಣು ಮುಚ್ಚಿದರು. ಅಳುವುದು ಯಾರಿಗಾಗಿ ಎಂದು ಯಾರಿಗೂ ಗೊತ್ತಿರಲಿಲ್ಲ. ಹೊನ್ನವ್ವ ಮಗಳನ್ನು ನೋಡಿ, “ಯಾರವ್ವಾ ನೀನು? ನೀರು ಬೇಕೇನು?” ಎಂದು ಕೇಳಿದಳು.

ಹೆಸರಿದ್ದವಳು ಊರಿಗೆಲ್ಲ ತಿಪ್ಪವ್ವ ಒಬ್ಬಳೇ, ಕರೆಯುವವರೇ ಇರಲಿಲ್ಲ. ಅವಳು ಬಾವಿಗೆ ಬಗ್ಗಿ “ತಿಪ್ಪವ್ವಾ” ಎಂದು ತನ್ನನ್ನು ತಾನೇ ಕರೆದುಕೊಂಡಳು. ಬಾವಿ ತಿರುಗಿ ಕರೆಯಿತು. ಅದನ್ನು ಕೇಳಲೆಂದೇ ದಿನವೂ ನೀರಿಗೆ ಹೋದಳು. ಮುಂದಿನ ಅಮಾವಾಸ್ಯೆ ಹತ್ತಿರ ಬಂದಾಗ ಅವಳಿಗೆ ತಡೆಯಲಾಗಲಿಲ್ಲ. ಅವ್ವ ತನ್ನನ್ನು ಮರೆತರೂ ಸರಿ, ಬದುಕಿರಲಿ ಎಂದು ರೊಟ್ಟಿ ಕಟ್ಟಿಕೊಂಡು ಮಂತ್ರವಾದಿಯ ಕರಿಗುಡ್ಡದ ಕಡೆ ಹೊರಟಳು.

ನಡುಗಾಡಿನಲ್ಲಿ ಹುಲಿ ಅಡ್ಡ ಬಂತು. “ಯಾರ ಪೈಕಿ ನೀನು?”

ಹೆದರಿದ ಹುಡುಗಿಗೆ ಹೆಳವನ ಹಾಡೊಂದೇ ಬಾಯಿಗೆ ಬಂತು. “ಕಾಡಪ್ಪನ ಮೊಮ್ಮಗಳು.”

ಹುಲಿ ಬಾಲ ಇಳಿಸಿತು. “ಮೂರು ಮಕ್ಕಳನ್ನು ಮಣ್ಣಿಗಿಟ್ಟ ತಾಯಿ ನಾಲ್ಕನೆಯದನ್ನು ಇಲ್ಲಿ ತಂದು ಮಲಗಿಸಿದ್ದಳು. ‘ಇದು ನನ್ನದಲ್ಲ, ಕಾಡಿನದು’ ಅಂದಳು. ಆ ಮಗುವಿನ ಮೊಮ್ಮಗಳಾದರೆ ನೀನು ನಮ್ಮವಳು. ಹೋಗು ಮಗಳೇ.”

ಗುಡ್ಡದ ಬುಡದಲ್ಲಿ ಕಲ್ಲಿನ ಬಾಗಿಲು. ಅದೂ ಕೇಳಿತು, “ಯಾರ ಪೈಕಿ ನೀನು?”

“ಕಲ್ಲವ್ವನ ಮರಿಮಗಳು.”

“ನನ್ನ ಮಡಿಲಿಗೆ ಹಾಕಿ ಉಳಿಸಿಕೊಂಡ ಕೂಸು ಅವಳು” ಎಂದು ಬಾಗಿಲು ಸರಿಯಿತು. ತಿಪ್ಪವ್ವನಿಗೆ ಅಳು ಬಂತು. ಊರಿನಲ್ಲಿ ಇಲ್ಲದ ಬಂಧುಗಳು ಕಾಡಿನಲ್ಲಿ ಸಿಕ್ಕಿದ್ದರು. ಆದರೆ ಕಾಡಿನ ಮಗ, ಕಲ್ಲಿನ ಮಗಳು ಎಂದರೆ ಮರ್ಯಾದೆ. ತಿಪ್ಪೆಯ ಮಗಳೆಂದು ಯಾರು ಹೇಳಿಕೊಂಡಾರು?

ಅವಳು ಒಳಗೆ ಹೋಗುವಷ್ಟರಲ್ಲಿ ಅಮಾವಾಸ್ಯೆಯ ಸಂಜೆಯಾಗಿತ್ತು. ಪಂಜರಗಳ ನಡುವೆ ನೀಲಜಟ ಚಿನ್ನದ ಹಕ್ಕಿಯನ್ನು ಹಿಡಿದು ಕೂತಿದ್ದ.

“ಅದು ನಮ್ಮವ್ವನ ಹೆಸರು, ಬಿಡು!” ಎಂದಳು ಹುಡುಗಿ.

“ಬಿಟ್ಟರೆ ನಾನು ಸಾಯಬೇಕಲ್ಲ? ಪ್ರತಿ ಅಮಾವಾಸ್ಯೆಗೆ ಜವರಾಯ ನನಗಾಗಿ ಬರುತ್ತಾನೆ. ನನ್ನ ಬದಲು ಒಂದು ಹೆಸರು ಕೊಡುತ್ತೇನೆ. ಒಂದೇ, ಎರಡನೆಯದಕ್ಕೆ ಅವನು ಕೈಯೊಡ್ಡುವುದಿಲ್ಲ.”

ತಿಪ್ಪವ್ವ ಅವ್ವನ ಹಕ್ಕಿಯನ್ನು ನೋಡಿದಳು. ಊರಿನಲ್ಲಿ ತನಗಾಗಿ ಕಾಯುವವರು ಯಾರೂ ಇರಲಿಲ್ಲ. “ಹಾಗಾದರೆ ನನ್ನದು ಕೊಡು” ಎಂದು ಹೆಸರು ಹೇಳಿದಳು. ಕಸದ ಬಣ್ಣದ ಹಕ್ಕಿ ಹೊರಗೆ ಬಂತು.

ಮಂತ್ರವಾದಿ ಜಿಪುಣ. ಚಿನ್ನ ಉಳಿದು ಕಸ ಹೋಗುವುದಾದರೆ ಯಾರಿಗೆ ಬೇಡ? ಅಷ್ಟರಲ್ಲಿ ಹಗ್ಗ ಹಿಡಿದು ಜವರಾಯ ಬಂದ. ನೀಲಜಟ ಕಸದ ಹಕ್ಕಿಯನ್ನು ಮುಂದೆ ಹಿಡಿದ.

ಜವರಾಯ ಅದನ್ನು ನೋಡಿ ಕೈ ಹಿಂದೆಗೆದುಕೊಂಡ. “ಇದು ನನಗೆ ಸಲ್ಲದು. ಈ ಹುಡುಗಿಯ ಅಕ್ಕಂದಿರಿಬ್ಬರನ್ನು ತೊಟ್ಟಿಲಿಂದಲೇ ಒಯ್ದವನು ನಾನು. ಮೂರನೆಯ ಸಲ ಹೋದಾಗ ಬಾಣಂತಿ ಹಸಿ ಮೈಯಲ್ಲಿ ಬಿಸಿಲಿಗೆ ಬಂದು, ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲಿಟ್ಟಳು. ‘ಇದು ಕಸ, ನಿನಗೆ ಬೇಡ, ಹೋಗಪ್ಪಾ’ ಎಂದು ಕೈಮುಗಿದಳು. ಬೇಡವೆಂದು ಮಾತು ಕೊಟ್ಟು ನಾನು ತಿರುಗಿ ಹೋದೆ. ಕೊಟ್ಟ ಮಾತು ಕೊಟ್ಟದ್ದೇ.” ಆಮೇಲೆ ಹಗ್ಗವನ್ನು ನೀಲಜಟನ ಕೊರಳಿಗೆ ಹಾಕಿದ. “ಒಂದೇ ಹೆಸರು, ಅದನ್ನು ನೀನು ಒಡ್ಡಿಯಾಯಿತು. ಇನ್ನು ನೀನೇ ನಡೆ.”

ಪಂಜರಗಳು ತಾವಾಗಿಯೇ ತೆರೆದುಕೊಂಡವು. ಹಕ್ಕಿಗಳೆಲ್ಲ ಮುತ್ತಿನಕೋಟೆಯ ಕಡೆ ಹಾರಿದವು. ಕಸದ ಬಣ್ಣದ್ದು ಮಾತ್ರ ಹಾರದೆ ಅವಳ ಬಾಯಿಗೇ ಮರಳಿತು. ತಿಪ್ಪವ್ವ ಅಳುತ್ತ, ಒಬ್ಬಳೇ, ಬಂದ ದಾರಿಯನ್ನೆಲ್ಲ ಮತ್ತೆ ನಡೆದಳು.

ಊರಬಾಗಿಲಿಗೆ ಇನ್ನೂ ದೂರವಿರುವಾಗಲೇ ಒಂದು ದನಿ ಕೇಳಿಸಿತು. ಹೊನ್ನವ್ವ ಬರಿಗಾಲಲ್ಲಿ ಓಡಿ ಬರುತ್ತಿದ್ದಳು. “ತಿಪ್ಪೀ! ಏ ತಿಪ್ಪವ್ವಾ!”

“ಹೆಸರಿನ ಗುಟ್ಟು ಮೊದಲೇ ಯಾಕೆ ಹೇಳಲಿಲ್ಲವ್ವ?”

“ಜವರಾಯನ ಕಿವಿಗೆ ಬಿದ್ದರೆ ಅಂತ ಹೆದರಿಕೆ ಮಗಳೇ. ಕಸ ಅಂತ ಅಂದಿದ್ದು ಬಾಯಲ್ಲಷ್ಟೇ.”

ತಿಪ್ಪವ್ವ ತಾಯಿಯ ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಇನ್ನೊಂದು ಸಲ ಕರೆಯವ್ವ” ಎಂದಳು. ಹೊನ್ನವ್ವ ಕರೆದಳು, ದಾರಿಯುದ್ದಕ್ಕೂ ಕರೆಯುತ್ತಲೇ ಮನೆಗೆ ಕರೆದೊಯ್ದಳು.

ಮುತ್ತಿನಕೋಟೆಯವರು ಅಲ್ಲಿ ಸುಖವಾಗಿ ಬಾಳಿದರು. ಕತೆ ಕೇಳಿದವರಿಗೂ ಹೆಸರು ಹಿಡಿದು ಕರೆಯುವವರೊಬ್ಬರು ಮನೆಯಲ್ಲಿರಲಿ.