ಗೋಡೆಯಾಚೆಯ ಒಲೆ

“ಫ್ರಿಜ್ಜಿನ ಮುಚ್ಚಳ ಮುಟ್ಟಬ್ಯಾಡ್ರಿ!”

ಬಾಗಿಲಲ್ಲಿ ನಿಂತವನ ದನಿಗೆ ನರ್ಸ್ ವಿದ್ಯಾವತಿ ಬೆಚ್ಚಿ ಕೈ ಹಿಂದೆಳೆದುಕೊಂಡಳು. ತಿರುಗಿ ನೋಡಿದರೆ... ಅಯ್ಯೋ, ಅವನೇ! ಬರುವ ರವಿವಾರ ತನ್ನನ್ನು ನೋಡಲು ಬರಬೇಕಿದ್ದ ಹಳಿಯಾಳದ ವರ, ಉದಯಕುಮಾರ. ಮೊಬೈಲಿನ ಫೋಟೋದಲ್ಲಿ ನಗುತ್ತಿದ್ದವನು ಈಗ ನಗುತ್ತಿರಲಿಲ್ಲ. ಲಸಿಕೆಯ ಫ್ರಿಜ್ ತಪಾಸಣೆ, ರಿಪೇರಿ ಅವನ ಕೆಲಸ.

ಮುಂಡಗೋಡದ ಆಚೆಯ ಹಳ್ಳಿ ಆಸ್ಪತ್ರೆ ಅದು. ಹೊರಗೆ ಜಿಟಿಜಿಟಿ ಮಳೆ. ನಾಲ್ಕು ಡಿಗ್ರಿಯಲ್ಲಿರಬೇಕಾದ ಕೂಸುಗಳ ಲಸಿಕೆ ಬೆಳಗಾಗುವಷ್ಟರಲ್ಲಿ ಹದಿಮೂರಕ್ಕೆ ಏರಿತ್ತು. ಅಷ್ಟೂ ಹಾಳು!

“ನಡುರಾತ್ರಿ ಕರೆಂಟ್ ಹೋಗಿತ್ರಿ. ಅದಕ್ಕ ಹಿಂಗಾಗೈತಿ,” ಎಂದಳು.

“ಸುತ್ತಲಿನ ಬಿಸಿಗೂ ಒಳಗಿನ ತಂಪಿಗೂ ಎಷ್ಟು ಅಂತರ ಐತೋ, ಆ ಪ್ರಮಾಣದಾಗ ಕಾವು ಏರತೈತ್ರಿ. ಅಂತರ ಕಮ್ಮಿ ಇದ್ರ ನಿಧಾನ. ಹೊರಗ ಬರೇ ಇಪ್ಪತ್ತೆರಡು ಡಿಗ್ರಿ. ನಡುರಾತ್ರಿಯಿಂದ ಇಷ್ಟು ಏರಾಕ ಸಾಧ್ಯಿಲ್ಲ. ನೀವು ಸಂಜಿಗೇ ಮುಚ್ಚಳ ಸರಿ ಹಾಕಿಲ್ಲ.”

“ನಾ ಹಾಕೇನ್ರಿ!”

“ಲೆಕ್ಕ ಹಂಗ ಹೇಳೂದಿಲ್ರಿ...”

ಲೆಕ್ಕ ಬಲ್ಲವರಿಗೆ ಎದುರಿನವರ ಕಣ್ಣೀರು ಲೆಕ್ಕಕ್ಕೇ ಬರುವುದಿಲ್ಲ ನೋಡಿ!

ವರದಿ ಹೋಯಿತು. ವಿದ್ಯಾವತಿಗೆ ಜೋಯಿಡಾ ಕಾಡಿನ ಕಡೆಗೆ ವರ್ಗದ ಆದೇಶ ಬಂತು. ರವಿವಾರ ಅವ್ವ ಉಪ್ಪಿಟ್ಟು ಮಾಡಿ ಕಾದಳು. ಯಾರೂ ಬರಲಿಲ್ಲ.

‘ಇಂಥ ಬೇಜವಾಬ್ದಾರಿ ಹುಡುಗಿ ಬೇಡ ಅಂದುಕೊಂಡನೇನೋ...’ ಹೊಸ ಸೀರೆಯಲ್ಲೇ ಅವಳು ಬಿಕ್ಕಿಬಿಕ್ಕಿ ಅತ್ತಳು.

ಮರುದಿನ ಫ್ರಿಜ್ ರಿಪೇರಿಗೆ ಅವನು ಮತ್ತೆ ಬಂದ. ಅವಳು ಮುಖ ತಿರುಗಿಸಿದಳು. ಫ್ರಿಜ್ ಸರಿಸಲು ಹಿಂದಿನ ಗೋಡೆಗೆ ಕೈ ಊರಿದವನು ಥಟ್ಟನೆ ಕೈ ತೆಗೆದ.

“ಈ ಗ್ವಾಡಿ ಯಾಕ ಸುಡಾಕತ್ತೈತಿ?”

“ಆಚಿ ಕಡೆ ನನ್ನ ನೀರೊಲಿ ಐತಪಾ,” ಆಯಾ ಮಾಲವ್ವ ಹೇಳಿದಳು. “ಬಾಣಂತ್ಯಾರಿಗೆ ನೀರ ಕಾಸತೇನಿ. ಅವತ್ತ ರಾತ್ರಿ ಹೆರಿಗಿ ಇತ್ತು. ಬೆಳತನಕ ಉರಿ ಆರಿಸಿಲ್ಲ.”

ಉದಯಕುಮಾರ ಗೋಡೆಗೆ ಮತ್ತೊಮ್ಮೆ ಅಂಗೈ ಒತ್ತಿ ನೋಡಿದ. ಮಳೆಯ ತಂಪನ್ನು ಲೆಕ್ಕಕ್ಕೆ ಹಿಡಿದಿದ್ದ. ಫ್ರಿಜ್ಜಿನ ಹಿಂದಿನ ಗೋಡೆಯನ್ನು ಮುಟ್ಟಿಯೂ ನೋಡಿರಲಿಲ್ಲ. ಈ ಗೋಡೆಯ ಬಿಸಿಯಿಂದ ಅಂತರ ದುಪ್ಪಟ್ಟಾದರೆ ಕಾವು ಏರುವ ವೇಗವೂ ದುಪ್ಪಟ್ಟು. ಅವಳು ಹೇಳಿದ ನಡುರಾತ್ರಿಯಿಂದಲೇ ಹದಿಮೂರು ಮುಟ್ಟುತ್ತದೆ!

“ತಪ್ಪು ನಂದರೀ... ಇವತ್ತ ಬ್ಯಾರೆ ವರದಿ ಕಳಸ್ತೇನಿ. ಆದರ ಸಾಹೇಬ್ರು ಆದೇಶ ಹಿಂದ ತಗೋತಾರೋ ಇಲ್ಲೋ...”

“ರವಿವಾರ ಯಾಕ ಬರಲಿಲ್ಲ?”

“ನಿಮ್ಮ ಮ್ಯಾಲ ವರದಿ ಬರದ ಕೈಲೆ ನಿಮ್ಮನಿ ಚಾ ಹೆಂಗ ಕುಡೀಲಿ?”

ಆದರೂ ಅವಳು ಕೇಳಿಯೇಬಿಟ್ಟಳು.

“ಈ ಗ್ವಾಡಿ ಬಿಸಿ ಇರದಿದ್ರ ನನ್ನ ನಂಬತಿದ್ರೇನು?”

ಹೌದೆಂದುಬಿಟ್ಟಿದ್ದರೆ ಸುಲಭವಿತ್ತು...

“ಇಲ್ರಿ.” ಅವನು ಅವಳನ್ನೇ ನೋಡಿದ. “ನಂಬತಿದ್ದಿಲ್ಲ. ಆದರ ನಿಮ್ಮನ್ನ ಮರೀಲಿಕ್ಕೂ ಆಗತಿದ್ದಿಲ್ಲ.”

ಸುಳ್ಳು ಹೇಳಿ ಗೆಲ್ಲಬಹುದಿತ್ತು ಇವನು. ಹೇಳಲಿಲ್ಲ. ವಿದ್ಯಾವತಿಯ ಕಣ್ಣುಗಳು ತುಂಬಿದವು.

“ನಾ ಹೋಗೂ ಊರಿಗೆ ಎರಡು ಬಸ್ ಬದಲಿ ಮಾಡಿ ಬರಬೇಕಾಗತೈತ್ರಿ.”

“ಬರ್ತೇನಿ.”

“ಬರೇ ನೋಡಾಕಾದ್ರ ಬ್ಯಾಡ...” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಕರಕೊಂಡು ಹೋಗಾಕ ಬರ್ರಿ.”